ಪಾಂಟಿಯಾಕ್ ಊರಿನ ಪಾಂಟಿಯಾಕ್ ಕಾರು

ಮೀಟರ್ ತೋರಿಸುತ್ತಿದ್ದದ್ದು 23 ಸಾವಿರ ಚಿಲ್ಲರೆ ಮೈಲಿ, ಅಂದರೆ ಸುಮಾರು 37 ಸಾವಿರ ಕಿಲೋಮೀಟರ್. ಕಾರು 1969ರ ಪಾಂಟಿಯಾಕ್ ಜಿಟಿಒ. ಎರಡು ಬಾಗಿಲು, ಕಡು ಹಸಿರು ಬಣ್ಣ, ಆಟೋಮ್ಯಾಟಿಕ್ ಗೇರು. ಇಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮಾರಾಟಕ್ಕೆ ಇಟ್ಟಿದ್ದರು. ಹೊಸದರಲ್ಲಿ ಶೋರೂಮಿನಿಂದ ತಗೊಂಡವರೂ ಅವರೇ. ಕೇಳಿದ ಬೆಲೆ 48 ಸಾವಿರ ಡಾಲರ್. ಹಾಸನದ ನನ್ನ ಗೆಳೆಯನಿಗೆ ಇಂಥದ್ದೊಂದು ಬೇಕು ಅಂತ ತುಂಬಾ ವರ್ಷದ ಆಸೆ, ಅವನ ಜೊತೆ ನಾನೂ ನೋಡಲು ಹೋಗಿದ್ದೆ. ಸಾಗರದಲ್ಲಿರುವ ಅಪ್ಪನಿಗೆ ಫೋನಲ್ಲಿ ಹೇಳಿದರೆ, "ಅಷ್ಟು ದುಡ್ಡಿಗೆ ಹೊಸ ಕಾರೇ ಬರಲ್ವೇನೋ?" ಅಂದರು. ಖಂಡಿತ ಬರುತ್ತದೆ. ಆದರೂ ಆ ಬೆಲೆ ಸರಿಯಾದದ್ದೇ ಅಂತ ನನಗನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

1960ರ ದಶಕದ ಶುರುವಿನಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ಒಂದು ಕಟ್ಟುಪಾಡು ಇತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕುವ ಹಾಗಿಲ್ಲ. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡೆಲೋರಿಯನ್ ಮತ್ತು ಅವರ ಜೊತೆಗಾರರು ದೊಡ್ಡ ಕಾರಿನ 389 ಘನ ಇಂಚಿನ ಎಂಜಿನ್ ತಂದು ಟೆಂಪೆಸ್ಟ್ ಲೆ ಮಾನ್ಸ್ ಅನ್ನುವ ಮಧ್ಯಮ ಗಾತ್ರದ ಕಾರಿನಲ್ಲಿ ಕೂರಿಸಿದರು. ಹೊಸ ಮಾಡೆಲ್ ಅಂದರೆ ಮೇಲಿನವರ ಒಪ್ಪಿಗೆ ಬೇಕು, ಅದಕ್ಕೇ ಗಿರಾಕಿ ಬೇಕಾದರೆ ಹಾಕಿಸಿಕೊಳ್ಳಬಹುದಾದ 'ಆಪ್ಷನ್' ಅಂತ 1964ರಲ್ಲಿ ಮಾರಿದರು. ಆ ಆಪ್ಷನ್‌ನ ಹೆಸರೇ ಜಿಟಿಒ. ಮಸಲ್ ಕಾರ್‌ಗಳ, ಅಂದರೆ ಮಾಮೂಲಿ ಕಾರಿಗೆ ದೊಡ್ಡ ಎಂಜಿನ್ ಹಾಕಿದ ಜೋರು ಕಾರುಗಳ ಕಾಲ ಶುರುವಾಗಿದ್ದು ಅಲ್ಲಿಂದಲೇ ಅಂತ ಇಲ್ಲಿ ಬಹಳ ಜನ ಹೇಳುತ್ತಾರೆ. 1969ರ ಹೊತ್ತಿಗೆ ಎಂಜಿನ್ 400 ಘನ ಇಂಚಿಗೆ ಬಂದಿತ್ತು, ಅಂದರೆ ಆರೂವರೆ ಲೀಟರ್ ದಾಟಿದ್ದು. ನಮ್ಮ ಹಳೇ ಅಂಬಾಸಿಡರ್ ಎಂಜಿನ್‌ಗಳನ್ನು ನಾಲ್ಕು ಸೇರಿಸಿದರೂ ಇದಕ್ಕಿಂತ ಕಮ್ಮಿಯೇ! 350 ಹಾರ್ಸ್‌ಪವರ್ ಅಂತ ಬರೆದಿರುತ್ತದೆ, ಆದರೆ ಆಗ ಬರೀ ಎಂಜಿನ್ನನ್ನು ಸ್ಟ್ಯಾಂಡಿಗೆ ಹಾಕಿ ಅಳೆಯುತ್ತಿದ್ದರು. ಈಗಿನ ಕಾರಿನ ಲೆಕ್ಕದ ಜೊತೆ ಇಟ್ಟು ನೋಡಬಾರದು.

ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಊರಿಗೆ ಹೋಗುವ ವುಡ್‌ವರ್ಡ್ ಅವೆನ್ಯೂ ಮೇಲೆ ಆಗಿನ ಹುಡುಗರು ಒಂದು ಸಿಗ್ನಲ್‌ನಿಂದ ಇನ್ನೊಂದು ಸಿಗ್ನಲ್‌ವರೆಗೆ ರೇಸ್ ಬಿಡುತ್ತಿದ್ದರು. ಆಮೇಲೆ ಇನ್ಶೂರೆನ್ಸ್ ದುಬಾರಿಯಾಯಿತು, ಹೊಗೆಯ ಕಾನೂನು ಬಂತು, 1973ರಲ್ಲಿ ಪೆಟ್ರೋಲ್‌ಗೆ ಬರ ಬಂತು. 1974ಕ್ಕೆ ಹಳೇ ಜಿಟಿಒ ನಿಂತೇ ಹೋಯಿತು, 2010ರಲ್ಲಿ ಪಾಂಟಿಯಾಕ್ ಅನ್ನುವ ಹೆಸರೇ ಮುಚ್ಚಿತು.

ಇನ್ನು ಕಮ್ಮಿ ಓಡಿದ ಕಾರು ಅನ್ನುವ ವಿಷಯ. ಆಗಿನ ಮೀಟರಿನಲ್ಲಿ ಮೈಲಿಗೆ ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ 23 ಸಾವಿರ ಅಂದರೆ 1 ಲಕ್ಷದ 23 ಸಾವಿರವೂ ಇರಬಹುದು, ಮೀಟರ್ ನೋಡಿ ಏನೂ ಹೇಳೋಕಾಗಲ್ಲ. ನೋಡಬೇಕಾದದ್ದು ಬೇರೆ. ಬ್ರೇಕ್ ಪೆಡಲ್ಲಿನ ರಬ್ಬರ್ ತುಂಬಾ ಓಡಿದ ಕಾರಿನಲ್ಲಿ ಒಂದು ಮೂಲೆಯಲ್ಲಿ ನುಣ್ಣಗಾಗಿರುತ್ತದೆ, ಇಲ್ಲಿ ಗೆರೆಗಳು ಹಾಗೇ ಇದ್ದವು. ಡ್ರೈವರ್ ಬಾಗಿಲು ತೆರೆದಾಗ ಕೆಳಗೆ ಜೋಲಲಿಲ್ಲ. ನನಗೆ ನಂಬಿಕೆ ಬಂದದ್ದು ಮಾತ್ರ ಆ ಬಾಗಿಲ ಸಂದಿನಲ್ಲಿ. ಅಲ್ಲಿ ಆಯಿಲ್ ಬದಲಾಯಿಸಿದಾಗ ಪೆಟ್ರೋಲ್ ಬಂಕಿನವರು ಅಂಟಿಸಿದ್ದ ಸಣ್ಣ ಚೀಟಿ ಇನ್ನೂ ಇತ್ತು. ಅಂಚು ಹಳದಿಯಾಗಿದೆ, ನೀಲಿ ಪೆನ್ನಿನಲ್ಲಿ 1974ರ ತಾರೀಕು, 11 ಸಾವಿರ ಚಿಲ್ಲರೆ ಮೈಲಿ. ಮೇಷ್ಟ್ರು ಒಳಗಿಂದ ಒಂದು ಶೂ ಡಬ್ಬಿ ತಂದರು. ಅದರ ತುಂಬಾ ರಸೀದಿಗಳು, ವರ್ಷದಿಂದ ವರ್ಷಕ್ಕೆ ಮೈಲಿ ಒಂದಕ್ಕೊಂದು ತಾಳೆಯಾಗುತ್ತಾ ಬರುತ್ತದೆ. ಇದೇ ಸಾಕ್ಷಿ. ಬೆಲೆ ಇರುವುದು ಈ ಡಬ್ಬಿಗೆ ಅಂದರೂ ತಪ್ಪಿಲ್ಲ.

ಗಾಜಿನ ಮೂಲೆಯಲ್ಲಿ ಕಾಣುವ ತಗಡಿನ ಪಟ್ಟಿಯಲ್ಲಿ ನಂಬರು 242379P ಅಂತ ಶುರುವಾಗುತ್ತದೆ. 242 ಇದ್ದರೆ ಜಿಟಿಒ, 37 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್ (ಪಕ್ಕದ ಗಾಜುಗಳ ನಡುವೆ ಕಂಬ ಇಲ್ಲದ ಕಾರು), 9 ಅಂದರೆ 1969, ಕೊನೆಯ ಅಕ್ಷರ ಪಾಂಟಿಯಾಕ್ ಊರಿನ ಕಾರ್ಖಾನೆಯದು. ಸಾಮಾನ್ಯ ಲೆ ಮಾನ್ಸ್‌ಗೆ ಜಿಟಿಒ ಬಿಲ್ಲೆ ಅಂಟಿಸಿ ಮಾರುವವರು ಇದ್ದಾರೆ, ಈ ನಂಬರ್ ಓದಿದರೆ ಅದು ಗೊತ್ತಾಗುತ್ತದೆ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಅಂತ ಒಂದಿದೆ, ದುಡ್ಡು ಕಟ್ಟಿದರೆ ಆ ಕಾರಿಗೆ ಕಾರ್ಖಾನೆಯಲ್ಲಿ ಏನೇನು ಹಾಕಿದ್ದರು ಅನ್ನುವ ಹಳೇ ಬಿಲ್ಲಿನ ಪ್ರತಿ ಕಳಿಸುತ್ತಾರೆ. ಬಾನೆಟ್ ಮೇಲೆ, ಗಾಜಿನ ಆಚೆ ಕೂತಿರುವ ಆರ್‌ಪಿಎಂ ಮೀಟರ್ ಕೂಡ ಕಾರ್ಖಾನೆಯದೇ ಅಂತ ಅದರಿಂದಲೇ ಖಾತ್ರಿಯಾಯಿತು.

ಮಿಷಿಗನ್‌ನಲ್ಲಿ ಕಾರಿನ ಶತ್ರು ಉಪ್ಪು. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆ ತುಂಬಾ ಸುರಿಯುತ್ತಾರೆ, ಡೆಟ್ರಾಯಿಟ್ ನಗರದ ಕೆಳಗೇ ದೊಡ್ಡ ಉಪ್ಪಿನ ಗಣಿ ಇದೆ. ಹಿಂದಿನ ಚಕ್ರದ ಸುತ್ತ, ಡಿಕ್ಕಿಯ ತಳ, ಹಿಂದಿನ ಗಾಜಿನ ಬುಡ, ಇಲ್ಲೆಲ್ಲಾ ತುಕ್ಕು ಹಿಡಿಯುತ್ತದೆ. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಇಟ್ಟು ನೋಡಿದೆವು. ಪುಟ್ಟಿ ಮೆತ್ತಿ ಟಿಂಕರಿಂಗ್ ಮಾಡಿದ್ದರೆ ಅಲ್ಲಿ ಹಿಡಿಯಲ್ಲ, ಈ ಕಾರಿನಲ್ಲಿ ಎಲ್ಲಾ ಕಡೆ ಹಿಡಿಯಿತು. ಮೇಷ್ಟ್ರು ಹಿಮ ಬಿದ್ದ ರಸ್ತೆಗೆ ಇದನ್ನು ಇಳಿಸಿಯೇ ಇಲ್ಲವಂತೆ.

ಆದರೆ ನಿಂತ ಕಾರಿಗೂ ಅದರದೇ ಕಾಯಿಲೆ ಇದೆ. ಟೈರಿನ ಗೆರೆಗಳು ಹೊಸದರ ಹಾಗಿವೆ, ಪಕ್ಕದ ಕೋಡ್ ಓದಿದರೆ 2312, ಅಂದರೆ 2012ರ 23ನೇ ವಾರ. ಆ ರಬ್ಬರ್ ನಂಬಿ ಹೈವೇಗೆ ಹೋಗಬಾರದು. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ಎಥನಾಲ್ ಇರುತ್ತದೆ, ಹಳೇ ಪೈಪುಗಳನ್ನು ಅದು ತಿಂದುಹಾಕುತ್ತದೆ. ಊರಲ್ಲಿ ಈಗ 20 ಪರ್ಸೆಂಟ್, ಹಳೇ ಯೆಜ್ಡಿ ಇಟ್ಟುಕೊಂಡಿರುವ ಮೈಸೂರಿನವರಿಗೆ ಈ ಕಷ್ಟ ನಾನು ಹೇಳಬೇಕಾಗಿಲ್ಲ ಅಲ್ವಾ.

ಬಾನೆಟ್ ಅಂಚಿನಲ್ಲಿ ಬಣ್ಣ ತೆಳುವಾಗಿ ಕೆಳಗಿನ ಪ್ರೈಮರ್ ಕಾಣುತ್ತದೆ. "ಗುರು, ಪೂರ್ತಿ ಹೊಸ ಪೇಂಟ್ ಹೊಡೆಸಿಬಿಡೋಣ" ಅಂದ ಗೆಳೆಯ. "ಬೇಡ ಮಾರಾಯಾ, ಆ ಬಣ್ಣ ಕಾರ್ಖಾನೆಯಲ್ಲಿ ಬಿದ್ದಿದ್ದು, ಒಂದ್ಸಲ ಉಜ್ಜಿ ತೆಗೆದರೆ ಮತ್ತೆ ಯಾರೂ ತಂದು ಕೊಡಲ್ಲ" ಅಂದೆ. ಅವನು ಸುಮ್ನೆ ಒಪ್ಪಲಿಲ್ಲ, ಇಡೀ ದಾರಿ ವಾದ ಮಾಡಿದ. ಕೊನೆಗೆ ಒಪ್ಪಿದ. 46 ಸಾವಿರಕ್ಕೆ ವ್ಯಾಪಾರ ಕುದುರಿತು. ಇನ್ಶೂರೆನ್ಸ್‌ನವರು ಬೆಲೆಯನ್ನು ಮೊದಲೇ ಮಾತಾಡಿಕೊಂಡು ಬರೆದುಕೊಳ್ಳುತ್ತಾರೆ, ದಿನಾ ಆಫೀಸಿಗೆ ಓಡಿಸಬಾರದು, ಬೀಗ ಹಾಕುವ ಗ್ಯಾರೇಜ್ ಇರಬೇಕು ಅನ್ನುವ ಷರತ್ತಿನ ಮೇಲೆ. ಟೈರು, ಬ್ರೇಕ್ ಹೋಸ್, ಪೆಟ್ರೋಲ್ ಪೈಪು ಬದಲಾಯಿಸುವ ತನಕ ಕಾರು ತಮ್ಮ ಗ್ಯಾರೇಜಿನಲ್ಲೇ ಇರಲಿ ಅಂತ ಮೇಷ್ಟ್ರು ಹೇಳಿದ್ದಾರೆ. ಟೈರು ಮುಂದಿನ ವಾರ ಬರುತ್ತವೆ. ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್ ಮೇಲೆ ಹಳೇ ಕಾರುಗಳ ದೊಡ್ಡ ಮೆರವಣಿಗೆ ಇರುತ್ತದೆ, 1995ರಿಂದ ನಡೆದುಕೊಂಡು ಬಂದಿದೆ. ಅಷ್ಟರೊಳಗೆ ಎಲ್ಲಾ ಮುಗಿಸಬೇಕು ಅಂತ ಗೆಳೆಯ ಈಗಲೇ ರಜೆ ಹಾಕಿದ್ದಾನೆ.