‘ಅಲ್ಲಿ ಓದಿದರೆ ಏನು ಸಿಗುತ್ತದೆ?’

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಅಕೌಂಟೆನ್ಸಿ ಕಲಿಸುತ್ತೇನೆ ಎಂದ ಕೂಡಲೇ ಇಲ್ಲಿನ ಕನ್ನಡಿಗರು ಕೇಳುವ ಪ್ರಶ್ನೆ ಇದೊಂದೇ. ಎರಡು ವರ್ಷ ಓದಿ ಬರ್ಕ್ಲಿ, ಡೇವಿಸ್ ವಿಶ್ವವಿದ್ಯಾಲಯಗಳಿಗೆ ಹೋಗುವವರಿದ್ದಾರೆ, ನರ್ಸಿಂಗ್ ಕಲಿತು ಆಸ್ಪತ್ರೆ ಸೇರುವವರಿದ್ದಾರೆ. ಇಷ್ಟಕ್ಕೆ ಸಮಾಧಾನವಾದವರು ಈ ಬರಹವನ್ನು ಮುಂದೆ ಓದಬೇಕಾಗಿಲ್ಲ.

ಕಳೆದ ಯುಗಾದಿ ಊಟದಲ್ಲಿ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, “ಅಲ್ಲಮ್ಮಾ, ಹಾಕಿದ ದುಡ್ಡಿಗೆ ರಿಟರ್ನ್ ಎಷ್ಟು?” ಎಂದರು. ಅವರ ಮೊಮ್ಮಗ ಇನ್ನೂ ಮೂರನೆಯ ತರಗತಿಯಲ್ಲಿದ್ದಾನೆ. ರಿಟರ್ನ್ ಲೆಕ್ಕ ಹಾಕುವುದನ್ನು ಕಲಿಸಿಯೇ ಅನ್ನ ಸಂಪಾದಿಸುವ ನನಗೆ ಅದನ್ನು ವಿವರಿಸಲು ಹೊರಟರಲ್ಲ ಎಂಬ ಸಿಟ್ಟು ಇಂದಿಗೂ ಇಳಿದಿಲ್ಲ.

ಹಾಗೆಂದು ಅವರೊಬ್ಬರನ್ನೇ ದೂರುವಂತಿಲ್ಲ. ರಾಜ್ಯ ಸರ್ಕಾರದ ಪ್ರಶ್ನೆಯೂ ಅದೇ. 1984ರವರೆಗೆ ರಾಜ್ಯದ ನಿವಾಸಿಗಳು ಈ ಕಾಲೇಜುಗಳಲ್ಲಿ ಬೋಧನಾ ಶುಲ್ಕವಿಲ್ಲದೆ ಓದಬಹುದಾಗಿತ್ತು. ಯೂನಿಟ್‌ಗೆ (ಕೋರ್ಸಿನ ಗಾತ್ರ ಅಳೆಯುವ ಮಾನ) 5 ಡಾಲರಿನಂತೆ ಆರಂಭವಾದ ಶುಲ್ಕ, ಏರಿಳಿದು 2012ರಲ್ಲಿ 46 ಡಾಲರಿಗೆ ಮುಟ್ಟಿತು. 2018ರಲ್ಲಿ ಬಂದ ಅನುದಾನ ಸೂತ್ರವು ಸುಮಾರು ಶೇ 70ರಷ್ಟನ್ನು ದಾಖಲಾತಿಗೆ, ಶೇ 20ರಷ್ಟನ್ನು ಬಡ ವಿದ್ಯಾರ್ಥಿಗಳ ಸಂಖ್ಯೆಗೆ, ಉಳಿದ ಶೇ 10ರಷ್ಟನ್ನು ಫಲಿತಾಂಶಕ್ಕೆ ಕಟ್ಟಿಹಾಕಿತು. ಫಲಿತಾಂಶವೆಂದರೆ ಪದವಿ, ಪ್ರಮಾಣಪತ್ರ, ವಿಶ್ವವಿದ್ಯಾಲಯಕ್ಕೆ ವರ್ಗಾವಣೆ, ಜೀವನಕ್ಕೆ ಸಾಲುವಷ್ಟು ಸಂಬಳ ಇತ್ಯಾದಿ. ವೃತ್ತಿ ವಿಷಯಗಳಲ್ಲಿ 9 ಯೂನಿಟ್ ಮುಗಿಸಿದರೂ ಒಂದಿಷ್ಟು ಹಣ ಬರುತ್ತದೆ. ಆದರೆ ತನ್ನ ಹೊಲಿಗೆ ಅಂಗಡಿಯ ಜಮಾ-ಖರ್ಚನ್ನು ತಾನೇ ಬರೆದುಕೊಳ್ಳಬೇಕೆಂದು ಒಂದೇ ಕೋರ್ಸಿಗೆ ಬಂದು, ಬ್ಯಾಲೆನ್ಸ್ ಶೀಟ್ ತಾಳೆಯಾಗುವವರೆಗೂ ಜಾಗ ಬಿಟ್ಟೇಳದೆ, ಕಲಿಯಬೇಕಾದದ್ದನ್ನು ಕಲಿತು ಹೋದ ನನ್ನ ವಿದ್ಯಾರ್ಥಿನಿ ದಾಖಲಾತಿಯಲ್ಲಷ್ಟೇ ಎಣಿಕೆಯಾದರು. ಫಲಿತಾಂಶದ ಅಂಕಣದಲ್ಲಿ ಅವರಿಗೆ ಜಾಗವಿರಲಿಲ್ಲ. ಆ ಅಂಗಡಿಯ ಲೆಕ್ಕ, ನಾನು ಬಲ್ಲಂತೆ, ಈಗಲೂ ಚೊಕ್ಕವಾಗಿದೆ.

ಅಲ್ಲಿ ಕಲಿಸುವವರಿಗೆ ಏನು ಸಿಗುತ್ತದೆ ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ಕ್ರೆಡಿಟ್ ಪಾಠಗಳ (ಪದವಿಗೆ ಲೆಕ್ಕಕ್ಕೆ ಬರುವಂಥವು) ಶೇ 75ರಷ್ಟನ್ನು ಪೂರ್ಣಾವಧಿಯವರೇ ಮಾಡಬೇಕೆಂಬ ಗುರಿಯನ್ನು 1988ರ ಕಾನೂನು ಹಾಕಿಕೊಂಡಿತ್ತು; ಅದು ಗುರಿಯಾಗಿಯೇ ಉಳಿದಿದೆ. ನನ್ನಂಥ ಅರೆಕಾಲಿಕರಿಗೆ ಒಂದು ಕಾಲೇಜು ಜಿಲ್ಲೆಯಲ್ಲಿ (ಕಾಲೇಜುಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕ) ಪೂರ್ಣ ಕೆಲಸದ ಶೇ 67ಕ್ಕಿಂತ ಹೆಚ್ಚು ಕೊಡುವಂತಿಲ್ಲವಾದ್ದರಿಂದ, ಬೆಳಿಗ್ಗೆ ಒಂದು ಕಾಲೇಜು, ಸಂಜೆ ಇನ್ನೊಂದು, ನಡುವೆ ಫ್ರೀವೇ. ಊರಿನ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಕಷ್ಟು ಮಂದಿ ಸೇರದೆ ತರಗತಿ ರದ್ದಾದರೆ ಅದರ ಸಂಬಳವೂ ರದ್ದು. ಈ ಸಲ ರದ್ದಾದದ್ದು ಸಂಜೆ ಏಳರ ತರಗತಿ. ಹಗಲೆಲ್ಲ ಅಂಗಡಿಯಲ್ಲಿ ಕೂರುವವರು ಬರಬಹುದಾಗಿದ್ದುದು ಅದೊಂದಕ್ಕೇ.