ಸೋಪಿನ ಘಮದಲ್ಲಿ ಅಮ್ಮ ಎಲ್ಲಿ?

ನವಜಾತ ಶಿಶುಗಳ ಐಸಿಯುಗೆ ನರ್ಸ್ ಆಗಿ ಸೇರಿದ ಮೊದಲ ವರ್ಷ. ಸೋಂಕು ಅಂದರೆ ನನಗೆ ವಿಪರೀತ ಭಯ. ಹಾಲು ಕುಡಿಸಲು ಬರುವ ಪ್ರತಿ ತಾಯಿಗೂ, "ಎದೆಗೆ ಸೋಪು ಹಾಕಿ ಚೆನ್ನಾಗಿ ತೊಳೆದುಕೊಂಡು ಬನ್ನಿ" ಎನ್ನುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಮಾಡಿಕೊಂಡ ನಿಯಮ.

ಆಗ ಒಂದು ಹೆಣ್ಣು ಮಗು ಇತ್ತು. ಎಂಟನೇ ತಿಂಗಳಿಗೇ ಹುಟ್ಟಿದ್ದು, 1,650 ಗ್ರಾಂ. ನಳಿಕೆಯಲ್ಲಿ ಹಾಲು ಹೋಗುತ್ತಿತ್ತು, ಇನ್ನು ಎದೆಗೆ ಹಿಡಿಸಬೇಕಿತ್ತು. ಮೂರು ದಿನ ಪ್ರಯತ್ನ ಮಾಡಿದೆವು. ಬಾಯಿಯನ್ನೇ ತೆರೆಯಲಿಲ್ಲ, ಮುಖ ಆಚೆ ತಿರುಗಿಸುತ್ತಿತ್ತು. ಮೂರನೇ ದಿನ ಆ ತಾಯಿ, "ಇದಕ್ಕೆ ನನ್ನ ಗುರುತೇ ಇಲ್ಲ ಸಿಸ್ಟರ್" ಎಂದು ಅತ್ತುಬಿಟ್ಟಳು.

ನಮ್ಮ ಹಿರಿಯ ಸಿಸ್ಟರ್ ಬಂದು ಅವಳ ಹತ್ತಿರ ಬಗ್ಗಿದರು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಇಲ್ಲಿ ಬರೀ ಸೋಪಿನ ಘಮ. ಅಮ್ಮ ಎಲ್ಲಿ?"

ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳಂತೆ ಕಾಣುವುದು ಮಾಂಟ್‌ಗೊಮರಿ ಗ್ರಂಥಿಗಳು. ಅವು ಎಣ್ಣೆಯಂಥ ದ್ರವ ಜಿನುಗಿಸುತ್ತವೆ. ಚರ್ಮ ಒಣಗದಂತೆ ಕಾಯುವುದೂ ಅದೇ, ಮಗುವಿಗೆ ದಾರಿ ತೋರಿಸುವುದೂ ಅದೇ. ಗರ್ಭದ ನೀರಿನಲ್ಲಿದ್ದಾಗಲೇ ಮಗುವಿನ ಮೂಗು ಕೆಲಸ ಶುರು ಮಾಡಿರುತ್ತದೆ. ಕಣ್ಣು ಇನ್ನೂ ಮಂಜುಮಂಜಾಗಿರುವಾಗ ಅದು ಅಮ್ಮನನ್ನು ಹುಡುಕುವುದು ವಾಸನೆಯಿಂದಲೇ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಾಯಿಯ ಒಂದು ಎದೆಯನ್ನು ಮಾತ್ರ ತೊಳೆದು, ಆಗ ತಾನೇ ಹುಟ್ಟಿದ ಮಗುವನ್ನು ನಡುವೆ ಮಲಗಿಸಿದ್ದರು. 30 ಮಕ್ಕಳಲ್ಲಿ 22 ಮಕ್ಕಳು ತೊಳೆಯದ ಎದೆಯ ಕಡೆಗೇ ಹೋದವು.

ನನ್ನ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಆ ಪುಟ್ಟ ಜೀವಕ್ಕೆ ಗೊತ್ತಿದ್ದ ಒಂದೇ ಗುರುತನ್ನು ದಿನಾ ತೊಳೆಸಿ ಹಾಕುತ್ತಿದ್ದೆನಲ್ಲ!

ಮಾರನೇ ದಿನದಿಂದ ಸೋಪು ನಿಲ್ಲಿಸಿದೆವು. ದಿನದ ಸ್ನಾನ ಸಾಕು, ಕೈ ಮಾತ್ರ ಚೆನ್ನಾಗಿ ತೊಳೆಯಬೇಕು. ಮಗುವನ್ನು ಬರೀ ಮೈಯಲ್ಲಿ ಅಮ್ಮನ ಎದೆಗೆ ಒರಗಿಸಿ ಗಂಟೆಗಟ್ಟಲೆ ಕಾಂಗರೂ ಆರೈಕೆ ಕೊಟ್ಟೆವು. ಪವಾಡವೇನೂ ಆಗಲಿಲ್ಲ. ಮೊದಲ ದಿನ ಸುಮ್ನೆ ಮಲಗಿತು. ಎರಡನೇ ದಿನ ಮೂಗು ಅರಳಿಸಿ ನಾಲಿಗೆ ಹೊರಗೆ ಹಾಕಿ ನೆಕ್ಕಿತು. ನಾಲ್ಕನೇ ದಿನ ಹಿಡಿಯಿತು. ಅಷ್ಟು ದಿನದಲ್ಲಿ ಮಗು ಬೆಳೆದದ್ದೂ ಒಂದು ಕಾರಣ ಇರಬಹುದು. ಆದರೆ ಅದು ಮುಖ ತಿರುಗಿಸುವುದನ್ನು ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ.

ತೊಟ್ಟಿಲಿಗೆ ಅಮ್ಮನ ಹಳೇ ಸೀರೆಯೇ ಆಗಬೇಕು ಎಂದು ನಮ್ಮಜ್ಜಿ ಯಾಕೆ ಹಟ ಹಿಡಿಯುತ್ತಿದ್ದರೋ, ಅವತ್ತು ಅರ್ಥವಾಯಿತು.

ಈಗ ಡ್ಯೂಟಿಗೆ ಬರುವಾಗ ನಾನು ಸೆಂಟ್ ಹಾಕುವುದಿಲ್ಲ. ಸ್ಯಾನಿಟೈಸರ್ ಪೂರ್ತಿ ಒಣಗುವವರೆಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆಯುವುದಿಲ್ಲ. ತಾಯಿ ಬೇರೆ ವಾರ್ಡ್‌ನಲ್ಲಿದ್ದರೆ ಎರಡು ಪುಟ್ಟ ಹತ್ತಿ ಬಟ್ಟೆ ಇಡುತ್ತೇನೆ. ಒಂದು ಅಮ್ಮನ ಎದೆಯ ಹತ್ತಿರ, ಇನ್ನೊಂದು ಮಗುವಿನ ಪಕ್ಕದಲ್ಲಿ, ಮುಖ ಮುಚ್ಚದ ಹಾಗೆ. ಆಮೇಲೆ ಅದಲು ಬದಲು ಮಾಡುತ್ತೇನೆ.

ಕಳೆದ ತಿಂಗಳು ಬಿಪಿ ಜಾಸ್ತಿಯಾಗಿ ಎರಡು ದಿನ ಮಗುವಿನ ಮುಖವನ್ನೇ ನೋಡಿರದ ಒಬ್ಬ ತಾಯಿಗೆ ಆ ಬಟ್ಟೆ ಕೊಟ್ಟೆ. ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಅವಳ ನೈಟಿಯ ಎದೆಭಾಗ ಹಾಲಿನಿಂದ ಒದ್ದೆಯಾಗಿತ್ತು.