ಹಿಪ್ಪಲಿಯಿಂದ ಪೆಪ್ಪರ್‌ವರೆಗೆ
ಶಿರಸಿ ಕಡೆ ಅಂಗಳದಲ್ಲೆಲ್ಲ ಈಗ ಕಾಳುಮೆಣಸು ಒಣಗುತ್ತಿದೆ. ಹಸಿರು ಕಾಳು ಬಿಸಿಲಿಗೆ ಸುಕ್ಕುಗಟ್ಟಿ ಕಪ್ಪಾಗುವುದನ್ನು ನೋಡ್ತಾ ಪೆಪ್ಪರ್ ಎಂಬ ಪದ ನೆನಪಾಯ್ತು. ಅದರ ಮೂಲ ನಮ್ಮ ಹಿಪ್ಪಲಿ, ಕಾಳುಮೆಣಸಿನ ನೆಂಟನಾದ ಉದ್ದನೆಯ ಖಾರದ ಕಾಯಿ! ಸಂಸ್ಕೃತದ ಪಿಪ್ಪಲಿ ಗ್ರೀಕಿನಲ್ಲಿ ಪೆಪೆರಿ, ಲ್ಯಾಟಿನ್ನಿನಲ್ಲಿ ಪಿಪೆರ್ ಆಗಿ ಇಂಗ್ಲಿಷಿಗೆ ಹೋಯಿತು. ದಾರಿಯಲ್ಲೇ ಹಿಪ್ಪಲಿಯ ಹೆಸರು ಕಾಳುಮೆಣಸಿಗೆ ಅಂಟಿಕೊಂಡಿತು. ಮುಂದೆ ಅಮೆರಿಕದಿಂದ ಬಂದ ಕಾಯಿಗೂ ಇಂಗ್ಲಿಷರು ಅದೇ ಹೆಸರಿಟ್ಟರು. ನಾವೂ ಹಾಗೇ ಮಾಡಿದ್ದೇವೆ ಅಲ್ವಾ? ಕಾಳಿಗಿದ್ದ ಹೆಸರನ್ನೇ ಎತ್ತಿಕೊಟ್ಟು ಮೆಣಸಿನಕಾಯಿ ಅಂದೆವು. ಖಾರ ಇದ್ದರೆ ಸಾಕಾಯ್ತು. ಹುರುಪಿಗೆ ಹೇಳುವ ಪೆಪ್ ಕೂಡ ಪೆಪ್ಪರಿನದೇ ತುಂಡು.

ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದರು. ಅವರ ಬಾಯಲ್ಲಿ ಮೆಣಸು ಪಿಮೆಂಟಾ. ಅದಕ್ಕೂ ಹಿಪ್ಪಲಿಗೂ ನಂಟಿಲ್ಲ, ಬಣ್ಣಕ್ಕೆ ಹೇಳುತ್ತಿದ್ದ ಲ್ಯಾಟಿನ್ ಪದದಿಂದ ಬಂದದ್ದು.